‘ನಿಮ್ಮ ನಾಯಿ ಇಷ್ಟು ಸುಮ್ನೆ ಹೇಗೆ ಮಲಗಿರುತ್ತೆ?’

ಹೋದ ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಮತ್ತೆ ಅದೇ ಪ್ರಶ್ನೆ ಬಂತು. ನಾನು ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ. ಕೆಳಗೆ ಚಕ್ಕುಲಿ ನಾಲ್ಕೂ ಕಾಲು ಚಾಚಿ ಮಲಗಿದ್ದಳು. ಅಷ್ಟರಲ್ಲಿ ಒಂದು ಲ್ಯಾಬ್ ಮರಿ ಒಬ್ಬ ಹುಡುಗನನ್ನು ದರದರ ಎಳೆದುಕೊಂಡು ಬಂತು. ಅವನ ಒಂದು ಚಪ್ಪಲಿ ಆಗಲೇ ಹತ್ತು ಅಡಿ ಹಿಂದೆ ಉಳಿದಿತ್ತು. ಮರಿ ನನ್ನ ಮಡಿಲಿಗೇ ಹಾರಿತು, ಕಾಫಿ ನೆಲದ ಪಾಲಾಯಿತು. ಪಾಪ, ಹುಡುಗ ಹತ್ತು ಸಲ ಸಾರಿ ಕೇಳಿದ. ಆಮೇಲೆ ಬೆಂಚಿನ ಕೆಳಗೆ ಬಗ್ಗಿ ನೋಡಿ, ‘ಮೇಡಂ, ನಿಮ್ಮ ನಾಯಿ ಇಷ್ಟು ಸುಮ್ನೆ ಹೇಗೆ ಮಲಗಿರುತ್ತೆ? ನಮ್ಮದಕ್ಕೆ ಏನಾಗಿದೆ?’ ಅಂದ.

ಇದೇ ಪ್ರಶ್ನೆಯನ್ನು ಆಫೀಸಿನಲ್ಲಿ ಕೇಳುತ್ತಾರೆ. ಬನಶಂಕರಿಯ ನಮ್ಮ ಬೀದಿಯಲ್ಲಿ ವಾಕಿಂಗ್ ಹೋದಾಗ ಕೇಳುತ್ತಾರೆ. ಶಿವಮೊಗ್ಗದಿಂದ ಬಂದು ಇಲ್ಲಿ ನೆಲೆಸಿರುವ ಚಿಕ್ಕಮ್ಮನ ಮಗಳಂತೂ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ‘ಅಕ್ಕಾ, ಇದು ಸೋಫಾದ ಹೊಟ್ಟೆ ಬಗೆದು ಹಾಕಿದೆ, ನಾನು ಇದನ್ನ ವಾಪಸ್ ಕೊಟ್ಟುಬಿಡ್ತೀನಿ’ ಎಂದು ಅತ್ತಳು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಒಂದು ವಿಷಯ. ಚಕ್ಕುಲಿ ಹುಟ್ಟಾ ಸಾಧು ಅಲ್ಲ. ಈಗ ಅವಳಿಗೆ ಮೂರು ವರ್ಷ ದಾಟಿದೆ. ಮೊದಲ ವರ್ಷ ನೋಡಿದ್ದರೆ ಯಾರೂ ಈ ಪ್ರಶ್ನೆ ಕೇಳುತ್ತಿರಲಿಲ್ಲ.

2022ರ ಜೂನ್‌ನಲ್ಲಿ ನಮ್ಮ ಹಿಂದಿನ ಕ್ರಾಸಿನಲ್ಲಿ ಒಂದು ಮನೆ ಕಟ್ಟುತ್ತಿದ್ದರು. ಮರಳಿನ ಗುಡ್ಡೆಯ ಪಕ್ಕ ಸಿಕ್ಕವಳು ಇವಳು. ಸುಮಾರು ಎರಡು ತಿಂಗಳ ಮರಿ, ಕಂದು ಬಣ್ಣ, ಸುರುಳಿ ಬಾಲ. ಬಾಲ ನೋಡಿಯೇ ಹೆಸರಿಟ್ಟೆವು. ನಾವು ಬಾಡಿಗೆಗೆ ಇರುವುದು ಮೊದಲ ಮಹಡಿಯಲ್ಲಿ. ನಾನು, ಗಂಡ, ಅತ್ತೆ. ಕೆಳಗೆ ಓನರ್ ಆಂಟಿ. ಅತ್ತೆ ಮೊದಲ ದಿನವೇ ಷರತ್ತು ಹಾಕಿದರು: ‘ಅದು ಅಡುಗೆಮನೆಗೆ ಬರಕೂಡದು, ದೇವರ ಮನೆ ಹತ್ರ ಸುಳೀಕೂಡದು, ನನ್ನ ಸೀರೆ ಮುಟ್ಟಕೂಡದು.’ ಮೂರೂ ಷರತ್ತು ಮೂರೇ ದಿನದಲ್ಲಿ ಮುರಿದವು. ಸೀರೆ ಮುಟ್ಟಿದ್ದಷ್ಟೇ ಅಲ್ಲ, ಸೆರಗು ಹಿಡಿದು ಹಜಾರದ ತುಂಬ ನೇತಾಡಿದಳು.

ಆಮೇಲೆ ಶುರುವಾಯಿತು. ವೈಫೈ ವೈರು ಎರಡು ಸಲ ಹೋಯಿತು. ಕಾಲೊರಸು ಎನ್ನುವ ವಸ್ತುವೇ ಮನೆಯಲ್ಲಿ ಉಳಿಯಲಿಲ್ಲ. ನನ್ನ ಮುಂಗೈ ತುಂಬ ಗೀರು ನೋಡಿ ಆಫೀಸಿನಲ್ಲಿ ಒಬ್ಬರು ಮೆಲ್ಲಗೆ ಪಕ್ಕಕ್ಕೆ ಕರೆದು, ‘ಮನೇಲಿ ಎಲ್ಲಾ ಸರಿ ಇದೆ ತಾನೇ?’ ಎಂದು ಕೇಳಿದರು. ಸಂಜೆ ಏಳರ ಹೊತ್ತಿಗೆ ಅವಳಿಗೆ ಒಂದು ಗಳಿಗೆ ಬರುತ್ತಿತ್ತು. ಕಣ್ಣು ಅಗಲ ಮಾಡಿ, ಹಿಂಭಾಗ ಕುಗ್ಗಿಸಿ, ಸೋಫಾದಿಂದ ಮಂಚ, ಮಂಚದಿಂದ ಬಾಗಿಲು, ಬಾಗಿಲಿನಿಂದ ನನ್ನ ಹೊಟ್ಟೆ. ಅತ್ತೆ ಸೀರಿಯಲ್ ನೋಡುತ್ತಾ ಕಾಲು ಎರಡನ್ನೂ ಕುರ್ಚಿಯ ಮೇಲೆ ಎತ್ತಿಕೊಂಡು ಕೂರುತ್ತಿದ್ದರು.

ಆಗ ನಮಗೆ ಸಿಕ್ಕ ಸಲಹೆ ಒಂದೇ. ಯಾರನ್ನು ಕೇಳಿದರೂ ಅದೇ. ‘ಎನರ್ಜಿ ಜಾಸ್ತಿ. ಓಡಿಸಿ. ಸುಸ್ತಾದರೆ ತಾನೇ ಬಿದ್ಕೊಳುತ್ತೆ.’

ಓಡಿಸಿದೆವು. ಬೆಳಗ್ಗೆ ಐದೂವರೆಗೆ ಗಂಡ ಅವಳನ್ನು ಕರೆದುಕೊಂಡು ಮೈದಾನಕ್ಕೆ ಹೋಗುವುದು, ಒಂದು ಗಂಟೆ ಚೆಂಡು ಎಸೆಯುವುದು. ಸಂಜೆ ನಾನು ಮತ್ತೊಂದು ಗಂಟೆ. ಮೊದಲ ವಾರ ಸುಸ್ತಾದಳು. ಎರಡನೇ ವಾರ ಕಡಿಮೆ ಸುಸ್ತಾದಳು. ನಾಲ್ಕನೇ ವಾರ ಒಂದು ಗಂಟೆ ಓಡಿ ಬಂದು, ಒಂದು ಬೋಗುಣಿ ನೀರು ಕುಡಿದು, ಚೆಂಡು ತಂದು ಮತ್ತೆ ನಮ್ಮ ಕಾಲ ಬಳಿ ಹಾಕಿ ನಿಂತಳು. ನಾವು ಮಾತ್ರ ಸುಸ್ತಾಗಿದ್ದೆವು. ಗಂಡನ ಮೂರು ಕೆಜಿ ಇಳಿಯಿತು, ಅದೊಂದು ಲಾಭ.

ರೇಬಿಸ್ ಲಸಿಕೆ ಹಾಕಿಸಲು ಹೋದಾಗ ಡಾಕ್ಟರ ಹತ್ತಿರ ಎಲ್ಲ ತೋಡಿಕೊಂಡೆ. ಅವರು ಕೇಳಿಸಿಕೊಂಡು ಜೋರಾಗಿ ನಕ್ಕರು. ‘ನೀವು ನಾಯಿ ಸಾಕ್ತಾ ಇಲ್ಲಮ್ಮ, ಒಲಿಂಪಿಕ್ಸಿಗೆ ತಯಾರು ಮಾಡ್ತಾ ಇದೀರ.’ ಆಮೇಲೆ ಸ್ವಲ್ಪ ಬೈದರು ಕೂಡ. ನಾಲ್ಕು ತಿಂಗಳ ಮರಿಗೆ ಮೂಳೆಗಳು ಇನ್ನೂ ಬೆಳೆಯುತ್ತಿರುತ್ತವೆ. ದಿನಾ ಹೊತ್ತುಗಟ್ಟಲೆ ಚೆಂಡಿನ ಹಿಂದೆ ಓಡಿ, ಗಕ್ಕನೆ ನಿಂತು, ಹಾರಿ, ತಿರುಗಿದರೆ ಕೀಲುಗಳಿಗೆ ಪೆಟ್ಟು. ಕೊನೆಗೆ ಒಂದು ಪ್ರಶ್ನೆ ಕೇಳಿದರು. ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

‘ದಿನಕ್ಕೆ ಎಷ್ಟು ಗಂಟೆ ನಿದ್ದೆ ಮಾಡುತ್ತೆ?’

ಗೊತ್ತಿರಲಿಲ್ಲ. ಮನೆಗೆ ಬಂದು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಟ್ಟೆವು. ಅತ್ತೆ ಹಗಲು ಪಾಳಿ, ನಾನು ರಾತ್ರಿ ಪಾಳಿ. ಮೂರು ದಿನದ ಲೆಕ್ಕ: ಹನ್ನೊಂದು ಗಂಟೆ, ಹತ್ತೂವರೆ, ಹನ್ನೊಂದು. ನಾಯಿಮರಿಗೆ ಬೇಕಾದದ್ದು ದಿನಕ್ಕೆ 18ರಿಂದ 20 ಗಂಟೆ. ದೊಡ್ಡ ನಾಯಿಯೇ 12-14 ಗಂಟೆ ಮಲಗುತ್ತದೆ. ನಮ್ಮ ಮರಿ ದೊಡ್ಡ ನಾಯಿಗಿಂತ ಕಡಿಮೆ ಮಲಗುತ್ತಿತ್ತು.

ಅತ್ತೆ ಹಾಳೆ ನೋಡಿ, ‘ಅಯ್ಯೋ, ಇದಕ್ಕೆ ನಿದ್ದೆಗೇಡು ಕಣೇ! ಮಕ್ಕಳು ಹೀಗೇ ಅಲ್ವಾ? ನಿದ್ದೆ ಬಂದಷ್ಟೂ ಹಠ ಜಾಸ್ತಿ’ ಅಂದರು. ಮದುವೆ ಮನೆಯಲ್ಲಿ ರಾತ್ರಿ ಹತ್ತಾದರೂ ಮಲಗದ ಎರಡು ವರ್ಷದ ಮಗುವನ್ನು ನೆನಪಿಸಿಕೊಳ್ಳಿ. ಕುಣಿಯುತ್ತದೆ, ಕಿರುಚುತ್ತದೆ, ಹೊಡೆಯುತ್ತದೆ. ಆಗ ಅದನ್ನು ಯಾರಾದರೂ ‘ಇನ್ನೂ ಎರಡು ರೌಂಡ್ ಓಡಿಸಿ’ ಎನ್ನುತ್ತಾರಾ? ಮೊದಲೇ ಮಂಗ, ಅದಕ್ಕೆ ಹೆಂಡ ಕುಡಿಸಿದ ಹಾಗೆ ನಾವು ಸಂಜೆಯ ಆ ಹುಚ್ಚಿನ ಹೊತ್ತಿನಲ್ಲಿ ಚೆಂಡು ಎಸೆಯುತ್ತಿದ್ದೆವು.

ಅದಕ್ಕೇ ಈಗ ಯಾರೇ ಬಂದು ‘ನಮ್ಮ ನಾಯಿ ಹೈಪರ್’ ಎಂದರೂ ನಾನು ಮೊದಲು ಕೇಳುವುದು ನಿದ್ದೆಯ ಲೆಕ್ಕ. ನಿಜವಾಗಿ ಹೈಪರ್‌ಆ್ಯಕ್ಟಿವ್ ಎಂಬ ಕಾಯಿಲೆ ಇರುವ ನಾಯಿ ಬಹಳ ಅಪರೂಪ ಎಂದು ಡಾಕ್ಟರು ಹೇಳಿದ್ದರು. ನಾವು ನೋಡುವುದರಲ್ಲಿ ಹೆಚ್ಚಿನವು ನಿದ್ದೆಗೆಟ್ಟ ಮರಿಗಳು, ಹಲ್ಲು ಬರುತ್ತಿರುವ ಮರಿಗಳು, ಇಲ್ಲಾ ಇಡೀ ದಿನ ಮಾಡಲು ಏನೂ ಇಲ್ಲದೆ ಎರಡು ಬೆಡ್‌ರೂಮಿನಲ್ಲಿ ಕೂತ ಹರೆಯದ ನಾಯಿಗಳು. ತಳಿಯ ಪಾತ್ರವೂ ಇದೆ, ಇಲ್ಲ ಅನ್ನುವುದಿಲ್ಲ. ಬೀಗಲ್‌ಗೆ ಮೂಗೇ ಲೋಕ. ಹಸ್ಕಿಯನ್ನು ಸಾಕಿ ಬೆಳೆಸಿದ್ದು ಹಿಮದಲ್ಲಿ ಗಾಡಿ ಎಳೆಯಲು. ಅದನ್ನು ತಂದು ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕಟ್ಟಿದರೆ ಅದು ಕೂಗದೆ ಇನ್ನೇನು ಮಾಡೀತು? ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಬೇಟೆಯನ್ನು ಕಣ್ಣಿನಿಂದಲೇ ಹಿಡಿದು ಬಾಣದಂತೆ ಓಡುವ ಜಾತಿ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಅದರ ಓಟ ನೋಡಿ ಮರುಳಾಗಿ ತರುವ ಮುಂಚೆ ಬೆಕ್ಕು, ಅಳಿಲು ಕಂಡರೆ ಏನಾಗುತ್ತದೆ ಎಂದು ಯೋಚಿಸುವುದು ಒಳ್ಳೆಯದು.

ನಿದ್ದೆ ಮಾಡಿಸುವುದು ಹೇಳಿದಷ್ಟು ಸುಲಭ ಅಲ್ಲ. ನಮ್ಮದು ಬೆಂಗಳೂರು. ಬೆಳಗ್ಗೆ ಕಸದ ಗಾಡಿಯ ಹಾಡು, ಅದು ಮುಗಿಯುವಷ್ಟರಲ್ಲಿ ‘ಸೊಪ್ಪೂ...’, ಆಮೇಲೆ ಕುಕ್ಕರ್ ವಿಷಲ್, ಕೊರಿಯರ್ ಹುಡುಗನ ಬೆಲ್ಲು, ಮಧ್ಯಾಹ್ನ ಎದುರು ಮನೆಯಲ್ಲಿ ಟೈಲ್ಸ್ ಕೊಯ್ಯುವ ಮಿಷನ್ನು. ಮರಿ ಪ್ರತಿಯೊಂದಕ್ಕೂ ಎದ್ದು ಕಿಟಕಿಗೆ ಓಡುತ್ತಿತ್ತು. ನಾವು ಕಿಟಕಿಯ ಕೆಳಗಿನ ಅರ್ಧ ಗಾಜಿಗೆ ಹಳೇ ಪೇಪರ್ ಅಂಟಿಸಿದೆವು. ರೂಮಿನ ಮೂಲೆಯಲ್ಲಿ, ಬೀರುವಿನ ಪಕ್ಕ, ಒಂದು ದೊಡ್ಡ ಕೇಜ್ ಇಟ್ಟು, ಮೇಲೆ ಅತ್ತೆಯ ಹಳೇ ಕಾಟನ್ ಸೀರೆ ಹೊದಿಸಿ, ಒಳಗೆ ಚಾದರ ಹಾಸಿದೆವು. ಫ್ಯಾನ್ ಹಾಕಿದರೆ ಹೊರಗಿನ ಸದ್ದು ಸ್ವಲ್ಪ ಮುಚ್ಚುತ್ತದೆ.

ಕೇಜ್ ಎಂದ ಕೂಡಲೇ ಮುಖ ಕಿವುಚುವವರಿದ್ದಾರೆ. ಮೊದಲು ನಾನೂ ಕಿವುಚಿದ್ದೆ. ಶಿಕ್ಷೆ ಕೊಡಲು ಅದರೊಳಗೆ ತಳ್ಳಿ ಬಾಗಿಲು ಹಾಕಿದರೆ ಅದು ಜೈಲೇ. ನಾವು ಹತ್ತು ದಿನ ಬಾಗಿಲನ್ನೇ ಹಾಕಲಿಲ್ಲ. ಊಟ ಅಲ್ಲೇ ಇಟ್ಟೆವು, ತಾನಾಗಿ ಹೋಗಿ ಬಂದಳು. ಆಮೇಲೆ ಒಂದು ಗಂಟೆ ಎಚ್ಚರ, ಎರಡು ಗಂಟೆ ನಿದ್ದೆ ಎಂಬ ಲೆಕ್ಕದಲ್ಲಿ ಒಳಗೆ ಬಿಟ್ಟು ಪಕ್ಕದಲ್ಲೇ ಕೂತು ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಿದೆ. ಮೊದಲ ಎರಡು ದಿನ ಕುಂಯ್‌ಗುಟ್ಟಿದಳು. ಮೂರನೇ ದಿನ ಐದೇ ನಿಮಿಷದಲ್ಲಿ ಗೊರಕೆ. ಒಂದು ವಾರದಲ್ಲಿ ನಿದ್ದೆ ಹದಿನೈದು ಗಂಟೆಗೆ ಏರಿತು. ಸಂಜೆಯ ಕುಣಿತ ಪೂರ್ತಿ ನಿಲ್ಲಲಿಲ್ಲ, ಆದರೆ ಅರ್ಧ ಗಂಟೆಯದ್ದು ಐದು ನಿಮಿಷಕ್ಕೆ ಇಳಿಯಿತು. ಆ ಐದು ನಿಮಿಷ ಎಲ್ಲಾ ಮರಿಗಳಿಗೂ ಇರುತ್ತದೆ. ಬಿಡಿ, ಕುಣಿಯಲಿ.

ಓಡಿಸುವುದು ತಪ್ಪು ಎಂದು ನನಗೆ ಪೂರ್ತಿ ಮನವರಿಕೆ ಆದದ್ದು ಮಳೆಯಿಂದ. 2022ರ ಸೆಪ್ಟೆಂಬರ್ ಮೊದಲ ವಾರ ನೆನಪಿದೆಯಲ್ಲ? ಬೆಳ್ಳಂದೂರು, ಹೊರ ವರ್ತುಲ ರಸ್ತೆ ಎಲ್ಲ ಕೆರೆಯಾಗಿ, ಆಫೀಸಿಗೆ ಜನ ಟ್ರ್ಯಾಕ್ಟರಿನಲ್ಲಿ ಹೋದ ವಾರ. ನಮ್ಮ ಏರಿಯಾದಲ್ಲಿ ಅಷ್ಟು ನೀರು ನಿಲ್ಲಲಿಲ್ಲ, ಆದರೆ ಮಳೆ ಬಿಡಲೇ ಇಲ್ಲ. ಮೂರು ದಿನ ವಾಕಿಂಗ್ ಇಲ್ಲ. ಮೆಟ್ಟಿಲಿಳಿದು ಗೇಟಿನ ಪಕ್ಕ ಕೆಲಸ ಮುಗಿಸಿ ವಾಪಸ್, ಅಷ್ಟೇ. ಇವತ್ತು ಮನೆ ಉಳಿಯುವುದಿಲ್ಲ ಎಂದುಕೊಂಡೆ. ಏನಾದರೂ ಕೊಡಬೇಕಲ್ಲ ಎಂದು ಅವಳ ಊಟವನ್ನು ಬಟ್ಟಲಿಗೆ ಹಾಕುವ ಬದಲು ಹಳೇ ಟವೆಲ್ಲಿನಲ್ಲಿ ಸುತ್ತಿ ಕೊಟ್ಟೆ. ಮೂಗಿನಿಂದ ತಳ್ಳಿ ತಳ್ಳಿ ಬಿಡಿಸಲು ಹದಿನೈದು ನಿಮಿಷ ಬೇಕಾಯಿತು. ರಾತ್ರಿ ಊಟವನ್ನು ಖಾಲಿ ಮೊಟ್ಟೆ ಟ್ರೇನಲ್ಲಿ ಹಾಕಿ ಮೇಲೆ ಪೇಪರ್ ಉಂಡೆ ತುಂಬಿದೆ. ಮರುದಿನ ನಾಲ್ಕು ಕಾಳು ಪೆಡಿಗ್ರಿಯನ್ನು ಬಾಗಿಲ ಹಿಂದೆ, ಕುರ್ಚಿ ಕಾಲ ಹತ್ತಿರ, ಚಾಪೆ ಕೆಳಗೆ ಬಚ್ಚಿಟ್ಟು ‘ಹುಡುಕು’ ಅಂದೆ.

ಅವಳು ಆ ಮೂರು ದಿನ ಮಲಗಿದಷ್ಟು ಅದಕ್ಕೆ ಮುಂಚೆ ಯಾವತ್ತೂ ಮಲಗಿರಲಿಲ್ಲ. ಒಂದು ಗಂಟೆ ಓಡಿದಾಗ ಬಾರದ ಸುಸ್ತು ಇಪ್ಪತ್ತು ನಿಮಿಷ ಮೂಸಿದರೆ ಬರುತ್ತಿತ್ತು. ನಾಯಿ ಲೋಕವನ್ನು ತಿಳಿಯುವುದು ಮೂಗಿನಿಂದ. ಮೂಸುವುದು ಎಂದರೆ ಅದಕ್ಕೆ ತಲೆಯ ಕೆಲಸ. ನಾವು ದಿನಪತ್ರಿಕೆ ಪದಬಂಧ ಬಿಡಿಸಿದ ಹಾಗೆ.

ಅಂದಿನಿಂದ ವಾಕಿಂಗಿನ ರೀತಿಯೇ ಬದಲಾಯಿತು. ಮುಂಚೆ ಗಂಡ ಹೆಜ್ಜೆ ಎಣಿಸುತ್ತಾ ಅವಳನ್ನು ಎಳೆದುಕೊಂಡು ಹೋಗುತ್ತಿದ್ದರು. ಈಗ ಉದ್ದದ ಹಗ್ಗ, ಎದೆಗೆ ಹಾರ್ನೆಸ್, ಅವಳು ಎಲ್ಲಿ ಮೂಸುತ್ತಾಳೋ ಅಲ್ಲಿ ನಿಲ್ಲುವುದು. ಒಂದು ವಿದ್ಯುತ್ ಕಂಬಕ್ಕೆ ಮೂರು ನಿಮಿಷ. ಅರ್ಧ ಗಂಟೆಯಲ್ಲಿ ಎರಡು ಕ್ರಾಸ್ ದಾಟಿದರೆ ದೊಡ್ಡದು. ‘ಏನ್ರೀ ಇದು, ನಾಯಿ ನಿಮ್ಮನ್ನ ವಾಕಿಂಗ್ ಕರ್ಕೊಂಡ್ ಬಂದ ಹಾಗಿದೆ’ ಎಂದು ನಗುವವರು ನಗಲಿ. ಎಳೆದರೆ ಮಾತ್ರ ನಾನು ಮರದ ಹಾಗೆ ನಿಂತುಬಿಡುತ್ತೇನೆ. ಹಗ್ಗ ಸಡಿಲವಾದರೆ ಮುಂದಕ್ಕೆ. ಇದು ಕಲಿಯಲು ಎರಡು ತಿಂಗಳು ಹಿಡಿಯಿತು. ಬಿಸಿಲಿನಲ್ಲಿ ಟಾರು ಕಾದಿದ್ದರೆ ಅಂಗೈ ಹಿಂಭಾಗವನ್ನು ಐದಾರು ಸೆಕೆಂಡ್ ರಸ್ತೆಗೆ ಇಟ್ಟು ನೋಡುತ್ತೇನೆ. ನನಗೆ ತಡೆಯದಿದ್ದರೆ ಅವಳ ಪಾದಕ್ಕೂ ತಡೆಯುವುದಿಲ್ಲ.

ಕಚ್ಚುವ ವಿಷಯ. ಮರಿಗೆ 28 ಹಾಲುಹಲ್ಲು ಇರುತ್ತವೆ, ಸೂಜಿಯಂಥವು. ಸುಮಾರು ನಾಲ್ಕು ತಿಂಗಳಿಂದ ಅವು ಬೀಳಲು ಶುರುವಾಗಿ, ಆರು-ಏಳು ತಿಂಗಳ ಹೊತ್ತಿಗೆ 42 ಗಟ್ಟಿ ಹಲ್ಲು ಬರುತ್ತವೆ. ಅಷ್ಟು ದಿನ ವಸಡು ನೋಯುತ್ತದೆ, ಕಡಿತ ಬೇಕು. ಕಡಿಯಬೇಡ ಎಂದರೆ ಆಗದು. ಇದನ್ನು ಕಡಿ ಎಂದು ಕೊಡಬೇಕು. ನಮ್ಮ ಮನೆಯ ಶೋಧನೆ ರಾಗಿ ಮುದ್ದೆ. ಒಳಗೆ ಟೊಳ್ಳಿರುವ ರಬ್ಬರ್ ಆಟಿಕೆಗೆ ಉಪ್ಪಿಲ್ಲದ ತೆಳು ಮುದ್ದೆ, ಸ್ವಲ್ಪ ಮೊಸರು ತುಂಬಿ ಫ್ರೀಜರಿನಲ್ಲಿಟ್ಟರೆ, ಮರುದಿನ ಅರ್ಧ ಗಂಟೆ ಮನೆಯಲ್ಲಿ ಶಾಂತಿ. ಒದ್ದೆ ಬಟ್ಟೆಗೆ ಗಂಟು ಹಾಕಿ ಫ್ರೀಜ್ ಮಾಡಿದ್ದೂ ನಡೆಯಿತು. ಆಡುವಾಗ ಕೈ ಕಚ್ಚಿದರೆ ಆಟ ಅಲ್ಲಿಗೇ ಬಂದ್. ಎದ್ದು, ಮಾತಾಡದೆ, ಪಕ್ಕದ ರೂಮಿಗೆ ಹೋಗಿ ಅರ್ಧ ನಿಮಿಷ ಬಾಗಿಲು ಹಾಕಿಕೊಳ್ಳುವುದು. ಕಿರುಚಿದರೆ ಅವಳಿಗೆ ಇನ್ನೂ ಖುಷಿ, ಆಟ ಜೋರಾಯಿತು ಎಂದು. ಅತ್ತೆ ಆ ಮೂರು ತಿಂಗಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದರು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆಟದ ಕಡಿತವೇ ಆಗಲಿ, ಚರ್ಮ ಹರಿದು ರಕ್ತ ಬಂದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗಿ. ‘ಮನೆ ಮರಿ ತಾನೇ’ ಎಂಬ ಉದಾಸೀನ ಬೇಡ. ಹಾಗೇ, ಊಟದ ಬಟ್ಟಲ ಹತ್ತಿರ ಹೋದರೆ ಮೈ ಸೆಟೆದು ಗುರುಗುಟ್ಟುವ ನಾಯಿ, ಹೆದರಿ ಮೂಲೆಯಿಂದ ಕಚ್ಚುವ ನಾಯಿ, ಇವು ತುಂಟತನದ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ನನ್ನ ಮೊಟ್ಟೆ ಟ್ರೇ ಸಾಲದು. ಇದ್ದಕ್ಕಿದ್ದ ಹಾಗೆ ಸ್ವಭಾವ ಬದಲಾದರೆ ನೋವು ಇರಬಹುದು. ಕಿವಿ, ಹೊಟ್ಟೆ, ಉಣ್ಣೆ ಹುಳು ಕಚ್ಚಿ ಬರುವ ಜ್ವರ ಎಲ್ಲ ನೋಡಿಸಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಬೀದಿಗೊಂದು ಕ್ಲಿನಿಕ್ ಕೂಡ ಇದೆ.

ಮನೆಗೆ ಬಂದವರ ಮೇಲೆ ಹಾರುವುದನ್ನು ಬಿಡಿಸಲು ನಾಯಿಗಿಂತ ಜನರಿಗೆ ಪಾಠ ಹೇಳಬೇಕಾಯಿತು. ನಿಯಮ ಸರಳ. ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತು, ಮುದ್ದು, ಎಲ್ಲ. ಹಾರಿದರೆ ಬೆನ್ನು ತಿರುಗಿಸುವುದು. ಶುರುವಿನಲ್ಲಿ ಇದು ಕೆಲಸ ಮಾಡುತ್ತಿಲ್ಲ ಅನಿಸುತ್ತದೆ. ಹಾರುವುದು ಕಡಿಮೆಯಾಗುವ ಬದಲು ಜಾಸ್ತಿ ಆಗುತ್ತದೆ. ಒಟಿಪಿ ಬರದಿದ್ದರೆ ನಾವು ಏನು ಮಾಡುತ್ತೇವೆ? ಸುಮ್ಮನೆ ಕೂರುತ್ತೇವಾ? ಮತ್ತೆ ಮತ್ತೆ ಒತ್ತುತ್ತೇವೆ. ನಾಯಿಯೂ ಅಷ್ಟೇ. ಇಷ್ಟು ದಿನ ಹಾರಿದರೆ ಮಾತಾಡಿಸುತ್ತಿದ್ದರು, ಇವತ್ತು ಇಲ್ಲ, ಇನ್ನೂ ಜೋರಾಗಿ ಹಾರಿ ನೋಡೋಣ. ಆ ನಾಲ್ಕೈದು ದಿನ ಹಲ್ಲು ಕಚ್ಚಿ ತಡೆದರೆ ಗೆದ್ದ ಹಾಗೆ. ಆಗಲೇ ನಮ್ಮ ಮನೆಗೆ ಗಂಡನ ಸ್ನೇಹಿತರೊಬ್ಬರು ಬಂದು, ‘ಪರವಾಗಿಲ್ಲ ಬಿಡಿ, ನಂಗೆ ನಾಯಿ ಅಂದ್ರೆ ಪ್ರಾಣ’ ಎಂದು ಹಾರಿದವಳನ್ನು ಎತ್ತಿ ಮುದ್ದಾಡಿದರು. ಹದಿನೈದು ದಿನದ ಕೆಲಸ ಎರಡು ನಿಮಿಷದಲ್ಲಿ ಹೋಯಿತು. ಹತ್ತರಲ್ಲಿ ಒಂದು ಸಲ ಫಲ ಸಿಕ್ಕರೂ ಸಾಕು, ಲಾಟರಿ ಆಡುವವರ ಹಾಗೆ ಹಾರುತ್ತಲೇ ಇರುತ್ತಾಳೆ. ನಾಯಿ ಕಂಡರೆ ಹೆದರುವ ಅತಿಥಿ ನಮಗೆ ವಾಸಿ. ಅವರು ಕದಲುವುದಿಲ್ಲ.

ಎಂಟನೇ ತಿಂಗಳಲ್ಲಿ ಎಲ್ಲ ಮತ್ತೆ ಕೆಟ್ಟಿತು. ಕಲಿತದ್ದೆಲ್ಲ ಮರೆತಳು. ‘ಬಾ’ ಎಂದರೆ ನನ್ನ ಕಡೆ ನೋಡಿ, ಬೇಕೆಂದೇ ಆ ಕಡೆ ಹೋಗುವಳು. ಒಂದು ದಿನ ಗೇಟು ತೆರೆದದ್ದೇ ರಸ್ತೆಗೆ ಹಾರಿ, ಒಂದು ಆಟೋ ಕಿರ್‍ರ್ ಎಂದು ಬ್ರೇಕ್ ಹಾಕಿ, ಡ್ರೈವರ್ ನನಗೆ ಹೇಳಿದ್ದನ್ನು ಇಲ್ಲಿ ಬರೆಯಲಾರೆ. ಅವತ್ತು ಮೆಟ್ಟಿಲ ಮೇಲೆ ಕೂತು ಅತ್ತೆ ನೋಡದ ಹಾಗೆ ಅತ್ತೆ. (ಈ ವಾಕ್ಯದ ಎರಡು ‘ಅತ್ತೆ’ಗಳಲ್ಲಿ ಮೊದಲನೆಯದು ಅವರು, ಎರಡನೆಯದು ನಾನು.)

ಆ ವಾರದಲ್ಲೇ ಒಬ್ಬ ಟ್ರೈನರ್‌ನನ್ನು ಕರೆಸಿದ್ದು. ಬಂದವನೇ, ‘ಇದು ನಿಮ್ಮ ಮೇಲೆ ಸವಾರಿ ಮಾಡ್ತಿದೆ. ನೀವು ಆಲ್ಫಾ ಆಗಬೇಕು’ ಎಂದು ಅವಳನ್ನು ನೆಲಕ್ಕೆ ಒತ್ತಿ ಹಿಡಿದ. ಮುಳ್ಳಿನ ಚೈನ್ ಹಾಕಲು ಹೇಳಿದ. ಚಕ್ಕುಲಿ ಅಲ್ಲೇ ಮೂತ್ರ ಮಾಡಿಕೊಂಡಳು. ಆಮೇಲೆ ಎರಡು ದಿನ ಗಂಡಸರ ದನಿ ಕೇಳಿದರೆ ಮಂಚದ ಕೆಳಗೆ ಸೇರುತ್ತಿದ್ದಳು. ಅವನಿಗೆ ಕೊಟ್ಟ ಅಡ್ವಾನ್ಸ್ ಹೋದರೆ ಹೋಗಲಿ ಎಂದು ಬಿಟ್ಟೆವು.

ಈ ಆಲ್ಫಾ ಕಥೆ, ಅಂದರೆ ಗುಂಪಿನಲ್ಲಿ ಎಲ್ಲರನ್ನೂ ಅದುಮಿ ಆಳುವ ಯಜಮಾನನ ಕಥೆ, ಎಲ್ಲಿಂದ ಬಂತು ಎಂದು ಹುಡುಕಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಬೇಲಿಯೊಳಗೆ ಕೂಡಿಟ್ಟ ತೋಳಗಳನ್ನು ನೋಡಿ ಬರೆದದ್ದು. ಒಂದೇ ಕುಟುಂಬದವಲ್ಲದ ತೋಳಗಳನ್ನು ಒಂದು ಕಡೆ ಕೂಡಿದರೆ ಜಗಳವಾಡುತ್ತವೆ, ಸಹಜ. ಪಿ.ಜಿ.ಯಲ್ಲಿ ಒಂದು ಬಾತ್‌ರೂಮಿಗೆ ಹತ್ತು ಜನ ಇದ್ದ ಹಾಗೆ. ಆ ಮಾತನ್ನು ಊರಿಗೆಲ್ಲ ಹಬ್ಬಿಸಿದವರಲ್ಲಿ ಒಬ್ಬರಾದ ತೋಳಗಳ ತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳದ ಗುಂಪು ಅಂದರೆ ಅಪ್ಪ ಅಮ್ಮ ಮಕ್ಕಳ ಸಂಸಾರ, ಅಲ್ಲಿ ಈ ಆಲ್ಫಾ ಎಂಬ ಮಾತು ಹೊಂದುವುದಿಲ್ಲ ಎಂದು ಬರೆದರು. ಬರೆದವರು ಬಿಟ್ಟರೂ ನಮ್ಮ ಟ್ರೈನರ್‌ಗಳು ಬಿಟ್ಟಿಲ್ಲ.

ನಿಜವಾದ ಕಾರಣ ಹರೆಯ. ಸುಮಾರು ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ, ದೊಡ್ಡ ತಳಿಗಳಲ್ಲಿ ಎರಡು ವರ್ಷದವರೆಗೆ. 2020ರಲ್ಲಿ ಬ್ರಿಟನ್ನಿನಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ಐದು ತಿಂಗಳಲ್ಲಿ ‘ಕೂತ್ಕೋ’ ಎಂದರೆ ಕೂರುತ್ತಿದ್ದ ಮರಿಗಳು ಎಂಟು ತಿಂಗಳಲ್ಲಿ ಸಾಕಿದವರ ಮಾತು ಕೇಳುವುದು ಕಡಿಮೆಯಾಯಿತು. ಆದರೆ ಅಪರಿಚಿತರು ಹೇಳಿದರೆ ಹಾಗೆ ಆಗಲಿಲ್ಲ! ಇದನ್ನು ಓದಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅತ್ತೆಗೂ ಓದಿ ಹೇಳಿದೆ. ‘ಇದಕ್ಕೆ ಬ್ರಿಟನ್ನೇ ಬೇಕಾ? ನಿನ್ನ ಗಂಡ ಹತ್ತನೇ ಕ್ಲಾಸಲ್ಲಿ ಹಿಂಗೇ ಇದ್ದ. ಪಕ್ಕದ ಮನೆಯವರು ಹೇಳಿದ್ರೆ ಅಂಗಡಿಗೆ ಓಡ್ತಿದ್ದ, ನಾನು ಹೇಳಿದ್ರೆ ಕಿವಿ ಕೇಳಿಸ್ತಿರಲಿಲ್ಲ’ ಅಂದರು.

ತಂದ ನಾಯಿಯನ್ನು ಜನ ಬಿಟ್ಟುಬಿಡುವ ಮಾತು ನನ್ನ ಹತ್ತಿರ ಹೆಚ್ಚು ಬರುವುದು ಈ ವಯಸ್ಸಿನಲ್ಲೇ. ಮರಿಯ ಮುದ್ದು ಹೋಗಿರುತ್ತದೆ, ದೊಡ್ಡ ನಾಯಿಯ ಬುದ್ಧಿ ಬಂದಿರುವುದಿಲ್ಲ. ‘ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದರೆ ಸರಿಹೋಗುತ್ತೆ’ ಎಂದು ಕಾಯುವವರಿದ್ದಾರೆ. ಆಪರೇಷನ್ ಮಾಡಿಸಿ, ಅದು ಬೇರೆ ಕಾರಣಕ್ಕೆ ಒಳ್ಳೆಯದು. ಸೋಫಾ ಹರಿಯುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಪಾರ್ಟ್‌ಮೆಂಟಿನವರು ಒತ್ತಾಯ ಮಾಡುತ್ತಾರೆ ಎಂದು ಬಿಡುವವರೂ ಇದ್ದಾರೆ. ನಾಯಿ ಸಾಕಬಾರದು, ಲಿಫ್ಟಿಗೆ ತರಬಾರದು ಎಂದು ಅಸೋಸಿಯೇಷನ್ ನಿಷೇಧ ಹಾಕುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಕೊಟ್ಟಿದೆ. ಹಾಗಂತ ಲಿಫ್ಟಿನಲ್ಲಿ ಮಕ್ಕಳ ಮೇಲೆ ಹಾರಲು ಬಿಡುವುದೂ ಸರಿ ಅಲ್ಲ.

ಈಗ ನಿಜವಾದ ಉತ್ತರಕ್ಕೆ ಬರುತ್ತೇನೆ. ಚಕ್ಕುಲಿಗೆ ಸುಮ್ಮನಿರುವುದನ್ನು ಕಲಿಸಿದ್ದು ನಾನಲ್ಲ.

2022ರ ಡಿಸೆಂಬರ್. ಅವರೆಕಾಯಿ ಕಾಲ. ಅತ್ತೆ ದಿನಾ ಮಧ್ಯಾಹ್ನ ಹಜಾರದಲ್ಲಿ ಚಾಪೆ ಹಾಸಿ, ಕಾಯಿ ಸುರಿದುಕೊಂಡು, ಎರಡು ಗಂಟೆ ಬಿಡಿಸುತ್ತಾ ಕೂರುವವರು. ಆಮೇಲೆ ಕಾಳು ನೆನೆಹಾಕಿ ಹಿತಕುವುದು. ಚಕ್ಕುಲಿ ಮೊದಲ ದಿನ ಬಂದು ಸಿಪ್ಪೆಯ ರಾಶಿಗೆ ಹಾರಿದಳು. ಅತ್ತೆ ಬೈಯಲಿಲ್ಲ. ಮೊರವನ್ನು ಮಡಿಲಿಗೆ ಎತ್ತಿಕೊಂಡು ಕೆಲಸ ನಿಲ್ಲಿಸಿ ಗೋಡೆ ನೋಡುತ್ತಾ ಕೂತರು. ಅವಳು ಬೊಗಳಿದಳು, ಮೊಣಕೈ ಎಳೆದಳು, ಬೇಜಾರಾಗಿ ಕೊನೆಗೆ ಕೂತಳು. ಅತ್ತೆ ಪಕ್ಕದ ಬಟ್ಟಲಿಂದ ಉಗುರಿನಷ್ಟು ಕ್ಯಾರೆಟ್ ಚೂರು ತೆಗೆದು ಅವಳ ಕಾಲ ಹತ್ತಿರ ಇಟ್ಟರು. ಎಸೆಯಲಿಲ್ಲ, ಕರೆಯಲಿಲ್ಲ, ‘ಗುಡ್ ಗರ್ಲ್’ ಎನ್ನಲಿಲ್ಲ. ಸುಮ್ನೆ ಇಟ್ಟು ಕಾಯಿ ಬಿಡಿಸಲು ಶುರು ಮಾಡಿದರು. (ಹಸಿ ಅವರೆಕಾಳು ನಾಯಿಗೆ ಒಳ್ಳೆಯದಲ್ಲ, ಅದಕ್ಕೇ ಕ್ಯಾರೆಟ್.) ಎದ್ದರೆ ಏನೂ ಇಲ್ಲ. ಮಲಗಿದರೆ ಒಂದು ಚೂರು. ತಲೆ ನೆಲಕ್ಕಿಟ್ಟರೆ ಇನ್ನೊಂದು. ಮೊದಲು ಅರ್ಧ ನಿಮಿಷಕ್ಕೊಂದು ಚೂರು, ಆಮೇಲೆ ಎರಡು ನಿಮಿಷಕ್ಕೊಂದು, ವಾರ ಕಳೆಯುವಷ್ಟರಲ್ಲಿ ಹತ್ತು ನಿಮಿಷಕ್ಕೊಂದು.

ನಾನು ರೂಮಿನ ಬಾಗಿಲಲ್ಲಿ ನಿಂತು ನೋಡಿದೆ. ಏಳು ತಿಂಗಳಲ್ಲಿ ನಾವು ಅವಳಿಗೆ ಕೂರುವುದು, ಬರುವುದು, ಕೈ ಕೊಡುವುದು, ಹುಡುಕುವುದು ಎಲ್ಲ ಹೇಳಿಕೊಟ್ಟಿದ್ದೆವು. ಏನೂ ಮಾಡದೆ ಇರುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಸುಮ್ಮನಿದ್ದಾಗ ನಾವು, ಅಬ್ಬಾ, ಎದ್ದುಬಿಟ್ಟಾಳು ಎಂದು ಆ ಕಡೆ ನೋಡುತ್ತಲೇ ಇರಲಿಲ್ಲ. ತರಲೆ ಮಾಡಿದ ಕೂಡಲೇ ಮೂವರೂ ಹೆಸರು ಹಿಡಿದು ಕೂಗುತ್ತಿದ್ದೆವು. ಅವಳ ಲೆಕ್ಕದಲ್ಲಿ, ಮನೆಯವರ ಗಮನ ಬೇಕಿದ್ದರೆ ಚಪ್ಪಲಿ ಕಚ್ಚಬೇಕು. ಸರಿಯಾಗಿಯೇ ಕಲಿತಿದ್ದಳು.

‘ಇದನ್ನ ಯಾರು ಹೇಳಿಕೊಟ್ಟರು ಅತ್ತೆ?’ ಎಂದು ಕೇಳಿದೆ. ‘ಹೇಳಿಕೊಡೋದೇನು ಬಂತು, ಇವಳಿಗೆ ಒಬ್ಬರು ಜೊತೆ ಕೂರೋರು ಬೇಕಿತ್ತು. ನೀವಿಬ್ಬರೂ ಯಾವಾಗ ನೋಡಿದ್ರೂ ಓಡಾಡ್ತಾನೇ ಇರ್ತೀರ’ ಅಂದರು. ‘ಅದು’ ಹೋಗಿ ‘ಇವಳು’ ಆಗಿದ್ದನ್ನು ನಾನು ಗಮನಿಸಿದೆ, ಬಾಯಿಬಿಡಲಿಲ್ಲ.

ಫೆಬ್ರವರಿಗೆ ಅವರೆಕಾಯಿ ಮುಗಿಯಿತು. ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಬತ್ತಿ ಹೊಸೆಯುವುದು ಮುಂದುವರಿಯಿತು. ಚಾಪೆ ಹಾಸಿದರೆ ಸಾಕು, ಚಕ್ಕುಲಿ ಬಂದು ಉರುಳುತ್ತಿದ್ದಳು. ಆ ಚಾಪೆಯ ತುಂಡೊಂದನ್ನು ಕತ್ತರಿಸಿ ನಾನು ಚೀಲದಲ್ಲಿ ಇಟ್ಟುಕೊಂಡೆ. ಮೊದಲು ಮೆಟ್ಟಿಲ ಕೆಳಗೆ ಹಾಸಿದೆ, ಆಮೇಲೆ ಓನರ್ ಆಂಟಿಯ ಜಗುಲಿಯಲ್ಲಿ, ಆಮೇಲೆ ಬೆಳಗ್ಗೆ ಖಾಲಿ ಇರುವ ಪಾರ್ಕಿನಲ್ಲಿ, ಒಂದು ವರ್ಷದ ಮೇಲೆ ಕಬ್ಬನ್ ಪಾರ್ಕಿನ ಭಾನುವಾರದ ಗದ್ದಲದಲ್ಲಿ. ಕಾಫಿ ಕಳೆದುಕೊಂಡ ದಿನ ಆ ಹುಡುಗನಿಗೆ ಬೆಂಚಿನ ಕೆಳಗೆ ತೋರಿಸಿದ್ದೂ ಅದನ್ನೇ. ‘ಅಷ್ಟೇನಾ ಮೇಡಂ?’ ಅಂದ. ಮುಖದಲ್ಲಿ ಸ್ವಲ್ಪ ನಿರಾಸೆ ಇತ್ತು. ಮಾತ್ರೆಯೋ ಆ್ಯಪೋ ಇರುತ್ತದೆ ಎಂದುಕೊಂಡಿದ್ದ ಅಂತ ಕಾಣುತ್ತದೆ.

ಚಿಕ್ಕಮ್ಮನ ಮಗಳು ನಾಯಿಯನ್ನು ವಾಪಸ್ ಕೊಡಲಿಲ್ಲ. ಕ್ಯಾಲೆಂಡರ್ ಹಿಂದೆ ನಿದ್ದೆಯ ಲೆಕ್ಕ ಬರೆದು ಫೋಟೋ ಕಳಿಸಿದ್ದಾಳೆ: ಒಂಬತ್ತೂವರೆ ಗಂಟೆ. ‘ಇವತ್ತಿಂದ ಕಿಟಕಿಗೆ ಪೇಪರ್ ಅಂಟಿಸು’ ಎಂದಿದ್ದೇನೆ.

ಇನ್ನು ನಮ್ಮವಳು ಪೂರ್ತಿ ಸರಿಹೋಗಿದ್ದಾಳೆ ಎಂದುಕೊಳ್ಳಬೇಡಿ. ದೀಪಾವಳಿಯ ಮೂರು ದಿನ ಈಗಲೂ ಬಾತ್‌ರೂಮೇ ಅವಳ ಮನೆ, ಫ್ಯಾನ್ ಸದ್ದಿಗೆ ರೇಡಿಯೊ ಸೇರಿಸಿ ಜೊತೆಗೆ ನಾನೂ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಕಸದ ಗಾಡಿಯ ಹಾಡಿಗಂತೂ ಮೂರು ವರ್ಷದಿಂದ ಒಂದು ದಿನ ಬಿಡದೆ, ಕತ್ತು ಮೇಲೆತ್ತಿ, ದನಿ ಸೇರಿಸಿ ಊಳಿಡುತ್ತಾಳೆ. ಟವೆಲ್, ಕ್ಯಾರೆಟ್, ಚಾಪೆ, ಮುದ್ದೆ ಎಲ್ಲ ಪ್ರಯೋಗಿಸಿ ಆಯಿತು. ಪಲ್ಲವಿ ಬಂದ ಕೂಡಲೇ ಶುರು. ಓನರ್ ಆಂಟಿ ಈಗ ಅಲಾರಂ ಇಡುವುದನ್ನೇ ಬಿಟ್ಟಿದ್ದಾರೆ.